ಎರಡು ಚಿಟಿಕೆ ಮರಳು

ಆ ಸದನದಲ್ಲಿ ಹೊತ್ತು ಅಳೆಯುತ್ತಿದ್ದದ್ದು ಮರಳು. ಗೋಡೆಯ ಮೇಲೆ ಗಡಿಯಾರ ಇರಲಿಲ್ಲ. ಹಿಂದೆ ಯಾವುದೋ ಕಾಲದಲ್ಲಿ ಇಬ್ಬರು ಸದಸ್ಯರು ತಮ್ಮ ತಮ್ಮ ಕೈಗಡಿಯಾರ ತೋರಿಸಿಕೊಂಡು ಕೈ ಕೈ ಮಿಲಾಯಿಸುವ ತನಕ ಹೋಗಿದ್ದರಂತೆ. ಅಂದಿನಿಂದ ಒಂದು ನಿಯಮ ಬಂತು. ಏನನ್ನಾದರೂ ಮತಕ್ಕೆ ಹಾಕುವಾಗ ಮೇಜಿನ ಮೇಲಿನ ಮರಳುಗಡಿಯಾರವನ್ನು ತಲೆಕೆಳಗು ಮಾಡಬೇಕು, ಕರೆಗಂಟೆ ಒತ್ತಬೇಕು, ಮೇಲಿನ ಬುರುಡೆಯ ಮರಳು ಪೂರ್ತಿ ಕೆಳಗಿಳಿಯುವ ತನಕ ಬಾಗಿಲು ತೆರೆದಿರಬೇಕು. ಇಳಿದ ಕೂಡಲೇ ಸಭಾಧ್ಯಕ್ಷರು "ಬಾಗಿಲು" ಎನ್ನಬೇಕು. ಆ ಹೊತ್ತಿಗೆ ಒಳಗಿದ್ದವರಿಗೆ ಮತ ಉಂಟು, ಹೊರಗುಳಿದವರಿಗೆ ಇಲ್ಲ. ಮೂರು ನಿಮಿಷದ ಮರಳು ಅದು. ಸದನದೊಳಗೆ ಅದರ ಪಕ್ಕಕ್ಕೆ ಬೇರೆ ಯಾವ ಗಡಿಯಾರವನ್ನೂ ತಂದು ಹೋಲಿಸಕೂಡದು ಎಂದು ನಿಯಮದ ಕೊನೆಯ ಸಾಲಿನಲ್ಲಿ ಬರೆದಿತ್ತು.

ಇಪ್ಪತ್ತೇಳು ವರ್ಷದಿಂದ ಆ ಮರಳನ್ನು ತಿರುಗಿಸುತ್ತಿದ್ದವಳು ಗಂಟೆಯಕ್ಕ. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು, ಆದರೆ ಅದು ಆ ಪುಸ್ತಕ ಬಿಟ್ಟು ಹೊರಗೆ ಬಂದದ್ದೇ ಇಲ್ಲ. ಮಂತ್ರಿಗಳಿಗೂ ಅವಳು ಗಂಟೆಯಕ್ಕ, ಕಸ ಗುಡಿಸುವವರಿಗೂ ಗಂಟೆಯಕ್ಕ. ಸಭಾಧ್ಯಕ್ಷರ ಪೀಠದ ಕೆಳಗೆ, ಉದ್ದನೆಯ ಮೇಜಿನ ಎಡಮೂಲೆಯಲ್ಲಿ, ಬೆನ್ನಿಲ್ಲದ ಒಂದು ಬೆಂಚು ಅವಳ ಜಾಗ. ಮುಂದೆ ಹಿತ್ತಾಳೆಯ ಗಂಟೆಗುಂಡಿ, ಅದರ ಪಕ್ಕದಲ್ಲಿ ಮರದ ಚೌಕಟ್ಟಿನೊಳಗೆ ಮರಳು.

ಮರಳು ಇಳಿಯುವಾಗ ಸದನದಲ್ಲಿ ಸಂತೆಯ ಗದ್ದಲ. ಓಡಿ ಬರುವವರು, ಕೈಬೀಸಿ ಕರೆಯುವವರು, "ನಮ್ಮೋರು ಎಲ್ಲಿ ಹಾಳಾಗಿ ಹೋದ್ರು?" ಎಂದು ಹುಡುಕುವವರು. ಅವಳ ಕಿವಿಗೆ ಅದು ಬೀಳುತ್ತಿರಲಿಲ್ಲ. ಅಜ್ಜಿ ಕಲಿಸಿದ ಎಂಟು ಸಾಲಿನ ಪ್ರಾರ್ಥನೆಯೊಂದು ಅವಳಿಗೆ ಬಾಯಿಪಾಠ. ಮರಳು ತಿರುಗಿಸಿದ ಕೂಡಲೇ ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸದೆ ಅದನ್ನು ಶುರು ಮಾಡುತ್ತಿದ್ದಳು. ಮೂರು ಸಲ ಹೇಳಿ ಮುಗಿಯುವುದಕ್ಕೂ ಕೊನೆಯ ಕಾಳು ಬೀಳುವುದಕ್ಕೂ ಸರಿಹೋಗುತ್ತಿತ್ತು. ಮೊದಮೊದಲು ಅದು ತಾನಾಗಿ ಆದದ್ದು. ಆಮೇಲೆ ಉಸಿರಿನ ಹಾಗೆ ಕೂತುಬಿಟ್ಟಿತು. ಇಲ್ಲಿ ಕೂತಿರುವ ಎಲ್ಲರಿಗೂ ಒಳ್ಳೆಯ ಬುದ್ಧಿ ಕೊಡು ಎಂಬುದು ಅದರ ಸಾರ. ದೇವರು ಕೊಟ್ಟನೋ ಇಲ್ಲವೋ ಅವನಿಗೇ ಗೊತ್ತು, ಕೇಳುವುದನ್ನಂತೂ ಅವಳು ಒಂದು ದಿನವೂ ತಪ್ಪಿಸಿರಲಿಲ್ಲ.

ಆ ಸೋಮವಾರ, ಸದನದ ಬಿಡುವು ಮುಗಿದ ಮೇಲೆ ಮೊದಲನೆಯದಾಗಿ, ಬಂದರಿನ ಮಸೂದೆ ಮತಕ್ಕೆ ಬಂತು. ಹಳೆಯ ಬಂದರನ್ನು ಐವತ್ತು ವರ್ಷಕ್ಕೆ ಒಂದು ಕಂಪನಿಯ ಕೈಗೆ ಕೊಡುವ ಮಸೂದೆ. ಆಡಳಿತ ಪಕ್ಷದ ತಲೆಗಳೂ ವಿರೋಧ ಪಕ್ಷದ ತಲೆಗಳೂ ಹೆಚ್ಚುಕಡಿಮೆ ಸಮ. ಗಂಟೆಯಕ್ಕ ಮರಳು ತಿರುಗಿಸಿದಳು, ಗುಂಡಿ ಒತ್ತಿದಳು, ಕಣ್ಣು ಮುಚ್ಚಿದಳು. ಮೂರನೆಯ ಸಲದ ಪ್ರಾರ್ಥನೆಯಲ್ಲಿ ಐದು ಸಾಲು ಮುಗಿದು ಆರನೆಯದರ ನಡುವೆ ಇದ್ದಾಗ ಮೇಲಿನಿಂದ ಸಭಾಧ್ಯಕ್ಷರ ದನಿ ಕೇಳಿತು: "ಬಾಗಿಲು."

ಅವಳು ಬೆಚ್ಚಿ ಕಣ್ಣು ತೆರೆದಳು. ಮೇಲಿನ ಬುರುಡೆ ಖಾಲಿಯಾಗಿತ್ತು.

ಬಾಗಿಲು ಮುಚ್ಚಿದ್ದೇ ತಡ, ಹೊರಗಿನಿಂದ ಯಾರೋ ಅದಕ್ಕೆ ಊರುಗೋಲಿನಿಂದ ಬಡಿದರು. ಬಡಿದವರು ವಿರೋಧ ಪಕ್ಷದ ಹಿರಿಯ ಸದಸ್ಯರು. ಮಂಡಿನೋವಿನಿಂದಾಗಿ ಎಲ್ಲರ ಬಾಯಲ್ಲಿ ಮಂಡಿತಾತ. ಅವರ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ ಅದೇ ಪಕ್ಷದ ಡಾಕ್ಟರಮ್ಮನೂ ಹೊರಗೇ ಉಳಿದರು. ಮಸೂದೆ ಒಂದೇ ಒಂದು ಮತದಿಂದ ಪಾಸಾಯಿತು.

ಬಾಗಿಲು ತೆರೆದ ಮೇಲೆ ಮಂಡಿತಾತ ಒಳಗೆ ಬಂದು ಕೋಲು ಎತ್ತಿ ಕೂಗಿದರು. "ಹದಿನೈದು ವರ್ಷದಿಂದ ಕೆಳಗಿನ ಲೈಬ್ರರೀಲಿ ಕೂತಿರ್ತೀನಿ. ಗಂಟೆ ಕೇಳಿದ ಮೇಲೇ ಏಳೋದು. ಒಂದು ಸಲಾನೂ ಹೊರಗೆ ಉಳಿದಿಲ್ಲ! ನನ್ನ ಮಂಡಿ ನೋಯುತ್ತೆ, ಆದ್ರೆ ಮೋಸ ಮಾಡಲ್ಲ!"

ವಿರೋಧ ಪಕ್ಷದ ನಾಯಕಿ ವಕೀಲಮ್ಮ ಎದ್ದು ನಿಂತರು. ಕೋರ್ಟಿನಲ್ಲಿ ಸಾಕ್ಷಿಯನ್ನು ನೋಡುವ ಹಾಗೆ ಪೀಠದ ಕಡೆ ನೋಡಿದರು. "ಸಭಾಧ್ಯಕ್ಷರು ಪೀಠ ಹತ್ತೋವಾಗ ಪಕ್ಷದ ಬ್ಯಾಡ್ಜು ಬಿಚ್ಚಿಟ್ಟಿದ್ದನ್ನ ನಾವೆಲ್ಲ ನೋಡಿದ್ದೀವಿ. ಮನಸ್ಸನ್ನ ಎಲ್ಲಿ ಬಿಚ್ಚಿಟ್ರು? ಅದನ್ನೂ ಸ್ವಲ್ಪ ತೋರಿಸಲಿ."

ಸಭಾಧ್ಯಕ್ಷರು ಹೇಳಿದ್ದು ಎರಡೇ ಮಾತು. "ಮರಳು ಇಳೀತು. ಬಾಗಿಲು ಅಂದೆ."

ಅವರು ಇಪ್ಪತ್ತೆರಡು ವರ್ಷ ಆಡಳಿತ ಪಕ್ಷದಲ್ಲಿ ಇದ್ದವರು. ಪೀಠಕ್ಕೆ ಬಂದ ದಿನವೇ ಪಕ್ಷ ಬಿಟ್ಟರು. ಅದರ ಕಚೇರಿ ಇರುವ ಬೀದಿಯಲ್ಲಿ ಅವರ ಕಾರು ತಿರುಗುತ್ತಿರಲಿಲ್ಲ. ಮಧ್ಯಾಹ್ನದ ಊಟ ತಮ್ಮ ಕೋಣೆಯಲ್ಲಿ, ಒಬ್ಬರೇ. ಯಾರ ಜೊತೆ ಕೂತರೂ ಇನ್ನೊಬ್ಬರಿಗೆ ಮಾತಾಗುತ್ತದೆಂದು ಟೀಯನ್ನೂ ಯಾರ ಜೊತೆಗೂ ಕುಡಿಯುತ್ತಿರಲಿಲ್ಲ. ಇಷ್ಟೆಲ್ಲ ಕಟ್ಟುನಿಟ್ಟಾಗಿದ್ದವರ ಮೇಲೆಯೇ ಅಂದು ಸಂಜೆ ಗೊತ್ತುವಳಿ ಬಂತು: ಪಕ್ಷಪಾತ ಮಾಡಿದ್ದಾರೆ, ಪೀಠದಿಂದ ಇಳಿಸಬೇಕು. ಚರ್ಚೆಗೆ ಗುರುವಾರ ಗೊತ್ತಾಯಿತು.

ಮನೆಗೆ ಬಂದರೆ ಅಲ್ಲೂ ಅದೇ ಮಾತು. ಗಂಟೆಯಕ್ಕನ ಅತ್ತೆ ರೇಡಿಯೋವನ್ನು ಕಿವಿಗೆ ಆನಿಸಿಕೊಂಡು ಕೂತಿದ್ದರು.

"ಕಳ್ಳ ಕಣೇ ಅವನು. ಮುಖ ನೋಡಿದ್ರೇ ಗೊತ್ತಾಗುತ್ತೆ."

"ರೇಡಿಯೋದಲ್ಲಿ ಮುಖ ಎಲ್ಲಿ ನೋಡಿದ್ರಿ ಅತ್ತೆ?"

"ದನೀಲೇ ಮುಖ ಕಾಣುತ್ತೆ. ನಿಮ್ಮ ಮಾವನ್ನ ನಾನು ಹಂಗೇ ಒಪ್ಪಿದ್ದು."

"ಹಾಗಾದ್ರೆ ನಿಮ್ಮ ಲೆಕ್ಕ ಯಾವತ್ತೂ ತಪ್ಪೇ," ಎಂದು ಗಂಟೆಯಕ್ಕನ ಗಂಡ ಒಳಗಿನಿಂದ ಕೂಗಿದ. ಅತ್ತೆ ರೇಡಿಯೋದ ದನಿ ಹೆಚ್ಚಿಸಿದರು.

ಗಂಟೆಯಕ್ಕನಿಗೆ ನಗು ಬರಲಿಲ್ಲ. ಉಳಿದುಹೋದ ಆ ಎರಡೂವರೆ ಸಾಲು ಗಂಟಲಿನಲ್ಲಿ ಸಿಕ್ಕಿಕೊಂಡಂತಿತ್ತು. ತಾನೇ ನಿಧಾನ ಮಾಡಿದೆನೇನೋ, ವಯಸ್ಸಾಯಿತಲ್ಲ, ಎಂದು ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಊಟ ಮುಗಿಯುವ ತನಕವೂ ಉಳಿಯಲಿಲ್ಲ.

ಮಂಗಳವಾರ ಎಲ್ಲರಿಗಿಂತ ಮುಂಚೆ ಸದನಕ್ಕೆ ಹೋದಳು. ಖಾಲಿ ಬೆಂಚುಗಳ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಯಾರೂ ಇಲ್ಲದಾಗ ಆ ಸಭಾಂಗಣ ಅವಳಿಗೆ ದೇವರ ಮನೆಯಂತೆ ಕಾಣುತ್ತಿತ್ತು. ಜನ ತುಂಬಿದ ಮೇಲೆ ದೇವರಿಗೆ ತಾಳ್ಮೆ ಬೇಕಾಗುತ್ತದೆ ಅಷ್ಟೇ. ಮರಳು ತಿರುಗಿಸಿದಳು. ಮನಸ್ಸು ಒಂದು ಕಡೆ ಇಟ್ಟು, ಅವಸರವಿಲ್ಲದೆ, ಎಳೆಯದೆ, ಮೂರು ಸಲ ಹೇಳತೊಡಗಿದಳು. ಆರನೆಯ ಸಾಲಿನ ನಡುವೆ ಕಣ್ಣು ತೆರೆದರೆ ಬುರುಡೆ ಖಾಲಿ. ಮತ್ತೆ ತಿರುಗಿಸಿದಳು. ಮತ್ತೆ ಅಷ್ಟೇ. ಮೂರನೆಯ ಸಲವೂ ಅಲ್ಲೇ. ತನ್ನ ನಾಲಿಗೆ ಒಂದು ಸಲ ತಪ್ಪಬಹುದು, ಮೂರು ಸಲವೂ ಒಂದೇ ಕಡೆ ತಪ್ಪುತ್ತದೆಯೇ? ಮರಳೇ ಕಡಿಮೆ ಇತ್ತು.

ಕಡಿಮೆಯಾದದ್ದು ಹೇಗೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ಸದನಕ್ಕೆ ಬಿಡುವಿದ್ದ ತಿಂಗಳುಗಳಲ್ಲಿ ತೇವ ಹಿಡಿದು ಮರಳು ಗಂಟುಗಟ್ಟಿತ್ತು. ನಡುವಿನ ಸಣ್ಣ ಕಂಡಿಯಲ್ಲಿ ಸಿಕ್ಕಿಕೊಂಡು, ತಟ್ಟಿದರೆ ಮಾತ್ರ ಇಳಿಯುತ್ತಿತ್ತು. ಕಚೇರಿಗೆ ಬರೆದು ರಿಪೇರಿ ಮಾಡಿಸಬೇಕೆಂದರೆ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವುದರಲ್ಲಿ ಅವಳ ನಿವೃತ್ತಿಯೇ ಬಂದುಬಿಡುತ್ತಿತ್ತು; ಅದಕ್ಕೆ ಇನ್ನು ಉಳಿದದ್ದು ಹನ್ನೊಂದು ತಿಂಗಳು. ಅವಳ ಗಂಡ ವಾಚು ರಿಪೇರಿ ಮಾಡುವವನು, ಕೂದಲೆಳೆಯಂಥ ಸ್ಪ್ರಿಂಗನ್ನು ಕೂರಿಸುವ ಕೈ. ಮರಳುಗಡಿಯಾರವನ್ನು ಟವಲಿನಲ್ಲಿ ಸುತ್ತಿ, ಊಟದ ಬುತ್ತಿಯ ಕೆಳಗಿಟ್ಟು, ಯಾರಿಗೂ ಹೇಳದೆ ಅಂಗಡಿಗೆ ತಂದಿದ್ದಳು. ಮೂರನೆಯ ದಿನ ಹಾಗೆಯೇ ವಾಪಸ್ಸು ಒಯ್ದು ಇಟ್ಟಿದ್ದಳು. ಸದನದ ಸಾಮಾನನ್ನು ಕಾಗದವಿಲ್ಲದೆ ಹೊರಗೆ ಒಯ್ದರೆ ಕೆಲಸ ಹೋಗಬಹುದು ಎಂಬುದು ಅವಳಿಗೆ ಗೊತ್ತಿಲ್ಲದ ಮಾತೇನಲ್ಲ.

ಸಂಜೆ ನೇರ ಅಂಗಡಿಗೆ ಹೋದಳು. ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ವಾಚಿನ ಹೊಟ್ಟೆಯೊಳಗೆ ಬಗ್ಗಿದ್ದ. ಗೋಡೆಯ ತುಂಬ ಗಡಿಯಾರಗಳು.

"ರೀ, ಆ ಮರಳಿಗೆ ಏನು ಮಾಡಿದ್ರಿ?"

"ಯಾವ ಮರಳು? ಓ, ನಿಮ್ಮದಾ? ಹೊರಗೆ ತೆಗೆದೆ. ಬಾಣಲೇಲಿ ಬೆಚ್ಚಗೆ ಹುರಿದೆ. ಬಟ್ಟೇಲಿ ಸೋಸಿದೆ. ತುಂಬಿದೆ. ಈಗ ಬೆಣ್ಣೆ ಹಂಗೆ ಇಳಿಯುತ್ತಲ್ಲ?"

"ಸೋಸಿದಾಗ ಬಟ್ಟೆ ಮೇಲೆ ಏನೂ ಉಳೀಲಿಲ್ವಾ?"

"ಗಂಟು ಉಳೀತು. ಎಷ್ಟು ಮಹಾ, ಎರಡು ಚಿಟಿಕೆ. ಎಸೆದೆ."

"ಎಸೆದ್ರಾ!"

"ಗಂಟುಗಟ್ಟಿದ ಮರಳು ಕಣೇ. ಇಟ್ಕೊಂಡು ನಿನಗೆ ಸರ ಮಾಡಿಸ್ಲಾ?"

ಗಂಟೆಯಕ್ಕ ಸ್ಟೂಲಿನ ಮೇಲೆ ಕುಸಿದು ಕೂತಳು. "ಗೋಡೆ ತುಂಬ ಗಡಿಯಾರ ಇಟ್ಕೊಂಡಿದ್ದೀರ. ತುಂಬಿದ ಮೇಲೆ ಒಂದು ಸಲ ಅಳೆದು ನೋಡ್ಬಾರ್ದಿತ್ತಾ?"

ಗಂಡ ಭೂತಗನ್ನಡಿ ತೆಗೆದ. ಅವನ ಒಂದು ಕಣ್ಣಿನ ಸುತ್ತ ಉಂಗುರದ ಗುರುತು ಮೂಡಿತ್ತು. "ನೋಡೋಕೇ ಹೊರಟಿದ್ದೆ ತಾಯಿ. ಕೈ ಹಿಡಿದೋರು ಯಾರು? 'ನಮ್ಮ ಮರಳಿನ ಪಕ್ಕ ಗಡಿಯಾರ ಇಡೋ ಹಾಗಿಲ್ಲ, ನಿಯಮ ಇದೆ' ಅಂತ ನನ್ನನ್ನ ಗೋಡೆಗೆ ಬೆನ್ನು ಮಾಡಿಸಿ ಕೂರಿಸಿದೋರು ಯಾರು?"

ಅವಳೇ ಕೂರಿಸಿದ್ದಳು. ಅಷ್ಟು ದೊಡ್ಡ ನಿಯಮವನ್ನು ಮುರಿದು ಮರಳುಗಡಿಯಾರವನ್ನು ಅಂಗಡಿಯ ತನಕ ತಂದವಳು, ಈ ಸಣ್ಣ ನಿಯಮವನ್ನಾದರೂ ಪಾಲಿಸೋಣವೆಂದು ಭಕ್ತಿಯಿಂದ ಕೂರಿಸಿದ್ದಳು. ನಾಲಿಗೆ ಕಚ್ಚಿಕೊಂಡಳು.

ವಿಷಯ ಕೇಳಿದ ಮೇಲೆ ಗಂಡನ ಮುಖ ಸಣ್ಣದಾಯಿತು. ನಲವತ್ತು ವರ್ಷದ ಕಸುಬಿನಲ್ಲಿ ಅವನ ಕೈಯಿಂದ ಹೋದ ವಾಚು ಸೆಕೆಂಡು ತಪ್ಪಿದ್ದಿಲ್ಲ. "ನಾನೇ ಹೋಗಿ ಹೇಳ್ತೀನಿ. ತಪ್ಪು ನನ್ನ ಕೈದು."

"ನಿಮ್ಮ ಕೈಗೆ ತಂದುಕೊಟ್ಟಿದ್ದು ನನ್ನ ಕೈ. ಸುಮ್ನಿರಿ."

"ಹೇಳಿದ್ರೆ ಕೆಲಸ ಹೋಗುತ್ತೆ ಕಣೇ. ಹನ್ನೊಂದು ತಿಂಗಳು ಅಷ್ಟೇ."

"ಹೇಳದೇ ಇದ್ರೆ ಗುರುವಾರ ಅವರನ್ನ ಇಳಿಸೋಕೆ ಅದೇ ಸುಳ್ಳು ಮರಳನ್ನ ನಾನೇ ತಿರುಗಿಸಬೇಕು," ಎಂದಳು ಗಂಟೆಯಕ್ಕ. "ತಿರುಗಿಸಿ, ಕಣ್ಣು ಮುಚ್ಚಿ, ಒಳ್ಳೆ ಬುದ್ಧಿ ಕೊಡಪ್ಪಾ ಅಂತ ಕೇಳಬೇಕು. ಯಾವ ಮುಖ ಇಟ್ಕೊಂಡು ಕೇಳಲಿ?"

ಗೋಡೆಯ ಮೇಲಿನ ಗಡಿಯಾರಗಳೆಲ್ಲ ಒಟ್ಟಿಗೆ ಆರು ಹೊಡೆದವು. ಗಂಡ ಎದ್ದು ಅಂಗಡಿಯ ಬಾಗಿಲು ಎಳೆದ. ಇಬ್ಬರೂ ಮನೆಯ ತನಕ ನಡೆದೇ ಹೋದರು. ಹೇಳುವುದೆಂದು ತೀರ್ಮಾನವಾದ ಮೇಲೆ ಗಂಟೆಯಕ್ಕನ ಕಾಲಿಗೆ ಹಗುರ ಬಂತು. ದಾರಿಯಲ್ಲಿ ಹೂವಿನ ಗಿಡ ಮಾರುವವನ ಹತ್ತಿರ ನಿಂತು ಎರಡು ಸಸಿಯ ಚೌಕಾಸಿಯನ್ನೂ ಮಾಡಿದಳು.

ಬುಧವಾರ ಬೆಳಿಗ್ಗೆ ಸಭಾಧ್ಯಕ್ಷರ ಕೋಣೆಯ ಬಾಗಿಲು ತಟ್ಟಿದಳು. ಅವರು ಕಿಟಕಿಯ ಪಕ್ಕದ ಮೇಜಿನಲ್ಲಿ ಒಂದು ಹಾಳೆಯ ಮೇಲೆ ಏನೋ ಬರೆಯುತ್ತಿದ್ದರು.

"ಬನ್ನಿ ಗಂಟೆಯಕ್ಕ. ನಾಳೆ ನನ್ನನ್ನ ಇಳಿಸೋಕೆ ಗಂಟೆ ಒತ್ತೋರು ನೀವೇ ಅಲ್ವಾ? ಅಭ್ಯಾಸ ಮಾಡಿಕೊಳ್ಳೋಕೆ ಬಂದ್ರಾ?"

"ತಪ್ಪು ಒಪ್ಪಿಕೊಳ್ಳೋಕೆ ಬಂದೆ ಸರ್."

ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಟವಲು, ಬುತ್ತಿ, ಬಾಣಲೆ, ಎರಡು ಚಿಟಿಕೆ, ಉಳಿದ ಎರಡೂವರೆ ಸಾಲು. ಏನನ್ನೂ ಮುಚ್ಚಿಡಲಿಲ್ಲ. ಗಂಡನ ಹೆಸರು ಬಂದಾಗ ಮಾತ್ರ "ಅವರು ಅಳೀತೀನಿ ಅಂದ್ರು ಸರ್, ನಾನೇ ಬಿಡಲಿಲ್ಲ" ಎಂದು ಎರಡು ಸಲ ಹೇಳಿದಳು.

ಸಭಾಧ್ಯಕ್ಷರು ಪೆನ್ನು ಕೆಳಗಿಟ್ಟರು. "ಮೊನ್ನೆ ನಾನು 'ಬಾಗಿಲು' ಅಂದಾಗ ನೀವು ಬುರುಡೆ ನೋಡಿದ್ರಾ?"

"ತಕ್ಷಣ ನೋಡಿದೆ ಸರ್."

"ಮರಳು ಇತ್ತಾ?"

"ಒಂದು ಕಾಳೂ ಇರಲಿಲ್ಲ."

ಅವರು ಕುರ್ಚಿಗೆ ಒರಗಿದರು. ಆಮೇಲೆ ಹೇಳಿದರು: "ಅಕ್ಕ, ಅವರು ಬೈದಿದ್ದಕ್ಕೆ ನಂಗೆ ಬೇಜಾರಿಲ್ಲ. ಬೈಸಿಕೊಳ್ಳೋಕೇ ಆ ಪೀಠ ಎತ್ತರದಲ್ಲಿ ಇಟ್ಟಿದ್ದಾರೆ. ಆದ್ರೆ ಆ ಮಸೂದೆ ಪಾಸಾಗಲಿ ಅಂತ ನನಗೂ ಒಳಗೊಳಗೆ ಇತ್ತು. ಇಪ್ಪತ್ತೆರಡು ವರ್ಷದ ಅಭ್ಯಾಸ, ಬ್ಯಾಡ್ಜಿನ ಜೊತೆ ಬಿಚ್ಚಿಡೋಕೆ ಆಗುತ್ತಾ? ವಕೀಲಮ್ಮ ಕೇಳಿದ್ದು ಸರಿಯಾಗೇ ಇತ್ತು. ಮರಳು ಮುಗಿದಿದ್ದನ್ನ ನಾನು ನಿಜವಾಗಿ ನೋಡಿದೆನಾ, ಇಲ್ಲ ಮುಗೀಲಿ ಅಂತ ಆಸೆ ಇದ್ದಿದ್ದಕ್ಕೆ ಹಾಗೆ ಕಾಣಿಸ್ತಾ? ಎರಡು ದಿನದಿಂದ ನನಗೇ ಗೊತ್ತಾಗ್ತಿಲ್ಲ. ಗೊತ್ತಾಗದೇ ಇರೋನು ಅಲ್ಲಿ ಕೂರಬಾರದು ಅಂತ ಇದನ್ನ ಬರೀತಿದ್ದೆ."

ಹಾಳೆಯನ್ನು ತಿರುಗಿಸಿ ತೋರಿಸಿದರು. ರಾಜೀನಾಮೆ. ಮೂರು ಸಾಲು ಬರೆದಾಗಿತ್ತು.

"ಮರಳು ಮುಗಿದಿತ್ತು ಸರ್," ಎಂದಳು ಗಂಟೆಯಕ್ಕ, ಮಗುವಿಗೆ ಹೇಳುವ ಹಾಗೆ. "ನಿಮ್ಮ ಕಣ್ಣು ಸರಿಯಾಗೇ ನೋಡಿದೆ."

ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದರು. ಮುಖದ ಮೇಲಿನ ಎರಡು ದಿನದ ಗೆರೆಗಳು ಸಡಿಲವಾದವು. "ದೇವರು ದೊಡ್ಡವನು. ಬನ್ನಿ, ಕೂತ್ಕೊಳ್ಳಿ, ಟೀ ತರಿಸ್ತೀನಿ," ಎಂದು ಗಂಟೆಗೆ ಕೈ ಹಾಕಿದವರು ಅಲ್ಲೇ ತಡೆದು ನಕ್ಕುಬಿಟ್ಟರು. "ಇಲ್ಲ, ಕೊಡೋ ಹಾಗಿಲ್ಲ. ನೀವೀಗ ನನ್ನ ಕೇಸಲ್ಲಿ ಸಾಕ್ಷಿ."

"ಮನೇಲಿ ಕುಡಿದೇ ಬಂದೆ ಸರ್."

"ಆ ಇಬ್ಬರು ಹೊರಗೆ ಉಳಿದಿದ್ದು ಅನ್ಯಾಯ. ಮಸೂದೆ ಮತ್ತೆ ಮತಕ್ಕೆ ಬರಬೇಕು."

"ನಿಮ್ಮ ಹಳೇ ಪಕ್ಷದೋರು ಸುಮ್ನೆ ಬಿಡ್ತಾರಾ?"

"ಬಿಡಲ್ಲ," ಎಂದರು ಸಭಾಧ್ಯಕ್ಷರು, ನಾಳೆ ಬಿಸಿಲು ಬರುತ್ತದೆ ಎನ್ನುವಷ್ಟೇ ಸಹಜವಾಗಿ. "ಮತ್ತೆ ಅಕ್ಕ, ಕಾಗದ ಇಲ್ಲದೆ ಹೊರಗೆ ಒಯ್ದಿದ್ದು ತಪ್ಪು."

"ತಪ್ಪೇ ಸರ್."

"ಅದನ್ನ ಆಮೇಲೆ ನೋಡೋಣ."

ತಮ್ಮ ಮೇಲೆಯೇ ಗೊತ್ತುವಳಿ ಇದ್ದಾಗ ಸಭಾಧ್ಯಕ್ಷರು ಪೀಠದಲ್ಲಿ ಕೂರುವ ಹಾಗಿಲ್ಲ. ಆ ಕಡೆಯ ಸಾಲಿನಲ್ಲೂ ಕೂರುವ ಹಾಗಿಲ್ಲ, ಈ ಕಡೆಯ ಸಾಲಿನಲ್ಲೂ ಇಲ್ಲ. ಸದನದ ಪದ್ಧತಿ ಅವರಿಗೆ ಇಟ್ಟಿರುವ ಜಾಗ ಒಂದೇ: ಸಿಬ್ಬಂದಿಯ ಬೆಂಚು. ಹೀಗಾಗಿ ಗುರುವಾರ ಸಭಾಧ್ಯಕ್ಷರು ಮೆಟ್ಟಿಲಿಳಿದು ಬಂದು ಗಂಟೆಯಕ್ಕನ ಪಕ್ಕದಲ್ಲಿ ಕೂತರು. ಅವಳು ಸೆರಗು ಒತ್ತರಿಸಿಕೊಂಡು ಜಾಗ ಬಿಟ್ಟಳು. "ಬೆನ್ನಿಲ್ಲದ ಬೆಂಚು, ಇಪ್ಪತ್ತೇಳು ವರ್ಷ ಹೇಗೆ ಕೂತ್ರಿ?" ಎಂದು ಅವರು ಮೆಲ್ಲಗೆ ಕೇಳಿದರು. "ಮುಂದಕ್ಕೆ ಬಗ್ಗಿ ಕೂತ್ಕೊಳ್ಳಿ ಸರ್, ಅಭ್ಯಾಸ ಆಗುತ್ತೆ," ಎಂದಳು.

ಪೀಠದಲ್ಲಿದ್ದ ಉಪಾಧ್ಯಕ್ಷರು ಅವರಿಗೆ ಮಾತಾಡಲು ಅವಕಾಶ ಕೊಟ್ಟರು. ಸಭಾಧ್ಯಕ್ಷರು ಎದ್ದು, ಮರಳುಗಡಿಯಾರದಲ್ಲಿ ಮರಳು ಕಡಿಮೆ ಇದೆ, ಬಾಗಿಲು ಹೊತ್ತಿಗೆ ಮೊದಲೇ ಮುಚ್ಚಿದೆ, ಮಸೂದೆಯನ್ನು ಮತ್ತೊಮ್ಮೆ ಮತಕ್ಕೆ ಹಾಕಬೇಕು ಎಂದು ಮೂರು ವಾಕ್ಯದಲ್ಲಿ ಮುಗಿಸಿದರು.

ಮೊದಲು ಎದ್ದವರು ಆಡಳಿತ ಪಕ್ಷದ ಸಚೇತಕರು. ತಮ್ಮ ಕಡೆಯ ತಲೆಗಳನ್ನು ಎಣಿಸಿ ಒಳಗೆ ತುಂಬುವುದೇ ಅವರ ಕೆಲಸ. ಕೈಗೆ ಬಂದ ಮಸೂದೆ ಜಾರುವುದನ್ನು ಕಂಡು ಅವರ ಮುಖ ಕೆಂಪಾಗಿತ್ತು. "ಕಡಿಮೆ ಇದೆ ಅಂತ ಯಾವ ಗಡಿಯಾರದಿಂದ ಅಳೆದ್ರಿ?"

"ಗಡಿಯಾರದಿಂದ ಅಳೆದಿಲ್ಲ. ನಿಯಮ ಬಿಡಲ್ಲ."

"ಮತ್ತೆ?"

"ಪ್ರಾರ್ಥನೆಯಿಂದ."

ಸದನ ಗೊಳ್ಳೆಂದು ನಕ್ಕಿತು. ಸಚೇತಕರು ಎರಡೂ ಕೈ ಎತ್ತಿದರು. "ಹಾಗಾದ್ರೆ ಈಗಲೇ ವಾಚು ಇಟ್ಟು ಅಳೀರಿ!"

"ಸದನದೊಳಗೆ ವಾಚು ಇಡೋ ಹಾಗಿಲ್ಲ," ಎಂದರು ಉಪಾಧ್ಯಕ್ಷರು.

"ಆ ನಿಯಮಾನೇ ತೆಗೀರಿ."

"ತೆಗೀಬೇಕಾದ್ರೆ ಮತಕ್ಕೆ ಹಾಕಬೇಕು."

"ಹಾಕಿ."

"ಹಾಕಬೇಕಾದ್ರೆ ಮರಳು ತಿರುಗಿಸಬೇಕು," ಎಂದು ವಕೀಲಮ್ಮ ಕೂತಲ್ಲಿಂದಲೇ ಹೇಳಿದರು. "ಯಾವ ಮರಳು? ಅದೇ ಮರಳು. ಸಂಜೆ ತನಕ ಹೀಗೇ ಸುತ್ತೋಣ, ನನಗೇನೂ ಅವಸರ ಇಲ್ಲ."

ಆಗ ಮಂಡಿತಾತ ಕೋಲು ಊರಿಕೊಂಡು ಎದ್ದರು. "ಸದನದ ಒಳಗೆ ತಾನೇ ಹೋಲಿಸಬಾರದು? ಅದನ್ನ ಎತ್ಕೊಂಡು ಹೊರಗೆ ಕ್ಯಾಂಟೀನಿಗೆ ಬನ್ನಿ. ಹೇಗೂ ನನಗೆ ಹಸಿವಾಗಿದೆ."

ನಿಯಮದ ಪುಸ್ತಕ ತೆಗೆದು ನೋಡಿದರು. ಹೊರಗೆ ಹೋಲಿಸಬಾರದೆಂದು ಎಲ್ಲೂ ಇರಲಿಲ್ಲ. ಈ ಸಲ ಮರಳುಗಡಿಯಾರ ಸದನದಿಂದ ಹೊರಟದ್ದು ಕಾಗದದ ಮೇಲೆ ಕಾರ್ಯದರ್ಶಿಗಳ ಸಹಿಯೊಂದಿಗೆ. ಕ್ಯಾಂಟೀನಿನ ಕಲ್ಲಿನ ಮೇಜಿನ ಸುತ್ತ ಎರಡೂ ಪಕ್ಷದವರು ಭುಜಕ್ಕೆ ಭುಜ ತಾಗಿಸಿ ನಿಂತರು. ಅಷ್ಟು ಹತ್ತಿರ ಅವರು ನಿಂತದ್ದನ್ನು ಗಂಟೆಯಕ್ಕ ಹಿಂದೆಂದೂ ಕಂಡಿರಲಿಲ್ಲ. ಎರಡು ಕಡೆಯಿಂದ ಎರಡು ವಾಚು. ಅವಳು ಮರಳು ತಿರುಗಿಸಿದಳು. ಒಲೆಯ ಮೇಲೆ ನೀರು ಕುದಿಯುವ ಸದ್ದು ಮಾತ್ರ.

"ಎರಡು ನಿಮಿಷ ನಲವತ್ತೊಂದು ಸೆಕೆಂಡು," ಎಂದರು ಒಬ್ಬರು. ಇನ್ನೊಬ್ಬರು ತಮ್ಮ ವಾಚು ನೋಡಿ ತಲೆಯಾಡಿಸಿದರು.

"ಲೈಬ್ರರಿಯಿಂದ ಬಾಗಿಲಿಗೆ ನನಗೆ ಬೇಕಾಗೋದು ಎರಡು ನಿಮಿಷ ಐವತ್ತು!" ಎಂದು ಮಂಡಿತಾತ ತಮ್ಮ ಮಂಡಿಯನ್ನು ಮಗುವಿನ ತಲೆ ಸವರುವಂತೆ ಸವರಿದರು. "ಹೇಳಿದೆನಾ ಇಲ್ವಾ?"

ಸದನ ಮತ್ತೆ ಸೇರಿದಾಗ ವಕೀಲಮ್ಮ ಎದ್ದರು. "ಗೊತ್ತುವಳಿ ವಾಪಸ್ಸು ತಗೋತೀನಿ. ಮರಳನ್ನ ಪೀಠದಿಂದ ಇಳಿಸೋಕೆ ನಿಯಮದಲ್ಲಿ ಅವಕಾಶ ಇಲ್ಲ, ಇದ್ದಿದ್ರೆ ಬಿಡ್ತಿರಲಿಲ್ಲ." ನಗು ಅಡಗಿದ ಮೇಲೆ ದನಿ ಬದಲಿಸಿದರು. "ಆದ್ರೆ ಒಂದು ಗೊತ್ತಾಗಬೇಕು. ಈ ಮರಳನ್ನ ಮುಟ್ಟಿದೋರು ಯಾರು?"

ಸಭಾಧ್ಯಕ್ಷರು ಬೆಂಚಿನಿಂದ ಎದ್ದರು. "ಮೇಜಿನ ಮೇಲಿರೋದೆಲ್ಲ ಪೀಠದ ಹೊಣೆ. ತಕ್ಕಡಿ ಹಿಡಿದೋನು ನಾನು, ತೂಕದ ಕಲ್ಲು ನೋಡಿಕೊಳ್ಳಬೇಕಾಗಿದ್ದೋನೂ ನಾನೇ. ಹೆಸರು ಹೇಳಲ್ಲ."

ಸಿಬ್ಬಂದಿ ಸದನದಲ್ಲಿ ಬಾಯಿ ತೆರೆಯುವ ಹಾಗಿಲ್ಲ. ಗಂಟೆಯಕ್ಕನಿಗೆ ಆ ನಿಯಮವೂ ಗೊತ್ತಿತ್ತು. ಬೆಂಚಿನಿಂದ ಎದ್ದು, ಕೈ ಮುಗಿದು ನಿಂತಳು.

ವಕೀಲಮ್ಮ ಅವಳನ್ನೇ ನೋಡುತ್ತ ನಿಂತಿದ್ದವರು ಮೆಲ್ಲಗೆ ತಲೆ ಬಾಗಿಸಿ ಕೂತರು. "ಕೂತ್ಕೊಳ್ಳಿ ಅಕ್ಕ," ಎಂದರು ಸಭಾಧ್ಯಕ್ಷರು. ಅವಳು ಕೂತಳು. ಒಳಗೆ ಯಾವುದೋ ಹೊರೆ ಇಳಿಸಿದಷ್ಟು ಸುಖವಾಗಿತ್ತು.

ಅವಳ ಗಂಡನೇ ಬಂದು ಹೊಸ ಮರಳು ತುಂಬಿದ. ಈ ಸಲ ಕಾರ್ಯದರ್ಶಿಗಳ ಕೋಣೆಯಲ್ಲಿ, ನಾಲ್ಕು ಜನರ ಮುಂದೆ, ತನ್ನ ಅಂಗಡಿಯ ಒಳ್ಳೆಯ ವಾಚು ಎದುರಿಗಿಟ್ಟುಕೊಂಡು, ಕಾಳು ಕಾಳಾಗಿ. ಮುಂದಿನ ಸೋಮವಾರ ಬಂದರಿನ ಮಸೂದೆ ಮತ್ತೆ ಮತಕ್ಕೆ ಬಂತು. ಡಾಕ್ಟರಮ್ಮನೂ ಮಂಡಿತಾತನೂ ಗಂಟೆಗೆ ಮೊದಲೇ ಬಂದು ಕೂತಿದ್ದರು. ಮಸೂದೆ ಒಂದು ಮತದಿಂದ ಬಿದ್ದುಹೋಯಿತು. ಅಂದೇ ಸಂಜೆ ಆಡಳಿತ ಪಕ್ಷದ ಪತ್ರಿಕೆ ಬರೆಯಿತು: ಸಭಾಧ್ಯಕ್ಷರು ತಮ್ಮನ್ನು ವಿರೋಧ ಪಕ್ಷಕ್ಕೆ ಮಾರಿಕೊಂಡಿದ್ದಾರೆ, ಇಳಿಸಬೇಕು.

"ಮೊನ್ನೆ ಅವರ ಕಡೆ ಅಂದ್ರು, ಇವತ್ತು ಇವರ ಕಡೆ ಅಂತಾರೆ," ಎಂದು ಅತ್ತೆ ರೇಡಿಯೋವನ್ನು ಅಲ್ಲಾಡಿಸಿದರು. "ಈ ಮನುಷ್ಯನಿಗೆ ಎಷ್ಟು ಕಡೆ ಇದಾವೆ?"

ಗಂಟೆಯಕ್ಕನ ಕೈಯಲ್ಲಿ ಒಂದು ಲಕೋಟೆ ಇತ್ತು. ಮಧ್ಯಾಹ್ನ ಕಚೇರಿಯಲ್ಲಿ ಕೊಟ್ಟದ್ದು. ಇಪ್ಪತ್ತೇಳು ವರ್ಷದಲ್ಲಿ ಅವಳಿಗೆ ಬಂದ ಮೊದಲ ಮೆಮೊ. ಗಂಡ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದ. ಸದನದ ಸಾಮಾನನ್ನು ಅನುಮತಿ ಇಲ್ಲದೆ ಹೊರಗೆ ಒಯ್ದದ್ದಕ್ಕೆ ಎಚ್ಚರಿಕೆ ಕೊಡಲಾಗಿದೆ, ಸೇವೆ ಮುಂದುವರಿಯುತ್ತದೆ, ಮೂರು ದಿನದೊಳಗೆ ಬರವಣಿಗೆಯಲ್ಲಿ ವಿವರಣೆ ಕೊಡತಕ್ಕದ್ದು. ಕೆಳಗೆ ಸಭಾಧ್ಯಕ್ಷರ ಸಹಿ, ಸ್ವಂತ ಕೈಯದು.

"ಅಲ್ವೇ," ಎಂದು ಅತ್ತೆ ಕಣ್ಣು ಕಿರಿದು ಮಾಡಿದರು, "ನೀನು ಅವನ ಮಾನ ಉಳಿಸಿದೋಳು. ಸುಮ್ನೆ ಬಿಟ್ಟುಬಿಡಬಹುದಿತ್ತು ಅವನು. ನಿನಗೇ ಮೆಮೊ ಕೊಟ್ನಾ?"

"ಕೊಟ್ರು ಅತ್ತೆ." ಅವಳ ಮುಖದಲ್ಲಿ ಬಹುಮಾನ ಬಂದವಳ ಕಳೆಯಿತ್ತು.

ಅತ್ತೆ ರೇಡಿಯೋದ ಕಿವಿ ತಿರುಗಿಸಿ ಬಾಯಿ ಮುಚ್ಚಿಸಿದರು. "ಹಾಗಾದ್ರೆ ಅವನು ಸರಿಯಾಗೇ ಇದ್ದಾನೆ ಬಿಡು. ಎಲ್ಲಿ, ಕಾಗದ ಪೆನ್ನು ತಗೊಂಡು ಬಾ. ವಿವರಣೆ ನಾನು ಹೇಳ್ತೀನಿ, ನೀನು ಬರಿ. 'ನಾನು ಒಳ್ಳೆ ಮನೆತನದೋಳು' ಅಂತ ಶುರು ಮಾಡು."

"ಅದೆಲ್ಲ ಬೇಡಮ್ಮ," ಎಂದ ಗಂಡ, ಕುರ್ಚಿಯನ್ನು ಮೇಜಿನ ಹತ್ತಿರ ಎಳೆದುಕೊಳ್ಳುತ್ತ. "ಮರಳು ಹುರಿದಿದ್ದು ತಪ್ಪಲ್ಲ, ಸೋಸಿದ್ದೂ ತಪ್ಪಲ್ಲ, ತುಂಬಿದ ಮೇಲೆ ಅಳೀದೇ ಇದ್ದಿದ್ದು ತಪ್ಪು. ಅದನ್ನ ಸ್ಪಷ್ಟವಾಗಿ ಬರಿ. ನನ್ನ ಅಂಗಡಿಗೆ ನಾಳೆ ಗಿರಾಕಿ ಬರಬೇಕು."

"ಬರೀತೀನಿ ಇರಿ, ಇಬ್ರೂ ಒಟ್ಟಿಗೆ ಮಾತಾಡಬೇಡಿ," ಎಂದು ಗಂಟೆಯಕ್ಕ ಹಾಳೆಯನ್ನು ಅಂಗೈಯಿಂದ ಸವರಿ ನೇರ ಮಾಡಿದಳು. ಮೇಲೆ ತಾರೀಖು ಹಾಕಿದಳು. ಆಮೇಲೆ ಹಾಜರಿ ಪುಸ್ತಕದಲ್ಲಿರುವ ತನ್ನ ಹೆಸರನ್ನು ನಿಧಾನವಾಗಿ, ಅಕ್ಷರ ಅಕ್ಷರವಾಗಿ ಬರೆದು, "ಮಾನ್ಯರೇ, ತಪ್ಪು ನನ್ನದು" ಎಂದು ಶುರು ಮಾಡಿದಳು.